ಕೋರಂಗೆ ಒಬ್ಬರು ಕಡಿಮೆ

ರಾಜ್ಯದ ಗಡಿಗೆ ಹತ್ತು ಹೆಜ್ಜೆ ಈಚೆಗಿದ್ದ ರಸ್ತೆಬದಿಯ ಡೈನರ್‌ನಲ್ಲಿ ಸೆನೆಟರ್ ಈನಿಡ್ ವಾಸ್‌ಬರ್ಗ್ ಚೆರ್ರಿ ಪೈ ತಿನ್ನುತ್ತಾ, ತನ್ನನ್ನು ಹಿಡಿದೊಯ್ಯುವವರಿಗಾಗಿ ಕಾಯುತ್ತಿದ್ದಳು.

ರಾಜ್ಯದ ಸೆನೆಟ್‌ನಲ್ಲಿ ಕೋರಂ ಆಗಬಾರದು, ಸಾಕಷ್ಟು ಸದಸ್ಯರಿಲ್ಲದೆ ಕಲಾಪವೇ ನಡೆಯಬಾರದು ಎಂದು ಅವಳ ಡೆಮಾಕ್ರಟಿಕ್ ಪಕ್ಷದವರೆಲ್ಲ ಐದು ದಿನದಿಂದ ಗಡಿಯಾಚೆಯ ಮೋಟೆಲ್ ಸೇರಿದ್ದರು. ಈಚೆಗೆ ಕಾಲಿಟ್ಟರೆ ಪೊಲೀಸರು ಸದನಕ್ಕೆ ಎಳೆದೊಯ್ಯಬಹುದು. ಈನಿಡ್‌ಗೆ ಬೇಕಾಗಿದ್ದೂ ಅದೇ. ಕೋರಂಗೆ ಒಬ್ಬರು ಕಡಿಮೆ, ಅಧಿವೇಶನಕ್ಕೆ ಇವತ್ತೇ ಕಡೆಯ ದಿನ. ಅವಳ ಊರಿನ ಆಸ್ಪತ್ರೆ ಉಳಿಸುವ ಮಸೂದೆ ಮತಕ್ಕೆ ಬರದಿದ್ದರೆ ನಾಳೆ ಅದಕ್ಕೆ ಬೀಗ. ಇನ್ನೊಂದು ಆಸ್ಪತ್ರೆಗೆ ತೊಂಬತ್ತು ಮೈಲಿ. ಹಾಗೆಂದು ತಾನಾಗಿಯೇ ಸದನಕ್ಕೆ ಹೋದರೆ ಪಕ್ಷದ್ರೋಹಿ ಪಟ್ಟ ಕಟ್ಟಿಟ್ಟ ಬುತ್ತಿ.

ಪಕ್ಕದ ಕ್ಷೇತ್ರದ ರಿಪಬ್ಲಿಕನ್ ಸೆನೆಟರ್ ಆರಿನ್ ಡಾಬ್ಸ್ ಒಬ್ಬ ಪೊಲೀಸಿನವನೊಂದಿಗೆ ಬಂದ. ಆ ಮಸೂದೆಯನ್ನು ಬರೆದದ್ದು ಇವರಿಬ್ಬರೂ ಸೇರಿಯೇ.

"ಈಗ ಬಂದ್ಯೇನೋ ಪುಣ್ಯಾತ್ಮ? ಕಾದೂ ಕಾದೂ ಎರಡನೇ ತುಂಡು ತಿಂತಿದೀನಿ."

"ನಡಿಯಮ್ಮಾ. ನಮ್ಮ ಮಸೂದೆನೇ ಮೊದಲು ಬರುತ್ತೆ."

"ಅದಾದ್ಮೇಲೆ ನಿಮ್ಮವರು ಆ ಕ್ಷೇತ್ರ ಮರುವಿಂಗಡಣೆ ಮಸೂದೆ ತರ್ತಾರಲ್ಲ, ಅದಕ್ಕೇನ್ ಮಾಡ್ತೀಯ? ಅದನ್ನ ತಡಿಯೋಕೇ ನಾವು ಊರು ಬಿಟ್ಟಿರೋದು."

"ಅದು ಮತಕ್ಕೆ ಬರಲ್ಲ ಅಂತ ಮಾತು ಕೊಟ್ಟಿದೀನಲ್ಲ."

"ರಾಜಕಾರಣಿ ಮಾತು."

"ಹಾಗಾದ್ರೆ ಆ ತಟ್ಟೆ ಈ ಕಡೆ ತಳ್ಳು." ಉಳಿದಿದ್ದ ಪೈಯನ್ನು ಆರಿನ್ ಒಂದೇ ತುತ್ತಿಗೆ ಬಾಯಿಗಿಟ್ಟುಕೊಂಡ.

"ತೋಳು ಗಟ್ಟಿಯಾಗಿ ಹಿಡ್ಕೊಳಪ್ಪಾ, ಹೊರಗೆ ಫೋಟೋದವರು ಇದಾರೆ" ಎಂದು ಪೊಲೀಸಿನವನಿಗೆ ಹೇಳಿ ಈನಿಡ್ ಎದ್ದಳು. ಬಾಗಿಲು ದಾಟಿದ್ದೇ ತಡ, ಪ್ರಜಾಪ್ರಭುತ್ವದ ಕೊಲೆಯಾಗುತ್ತಿದೆಯೆಂದು ಕೂಗಿ ಬೀದಿ ಒಂದು ಮಾಡಿದಳು. ಪೊಲೀಸಿನವನ ಇನ್ನೊಂದು ಕೈಯಲ್ಲಿ, ಪಾಪ, ಅವಳು ಬೆಳಗ್ಗೆಯೇ ತುಂಬಿಟ್ಟುಕೊಂಡಿದ್ದ ಸೂಟ್‌ಕೇಸ್ ಇತ್ತು.

ಮೂರು ಗಂಟೆಗೆ ಕೋರಂ ಆಯಿತು. ಆಸ್ಪತ್ರೆಯ ಮಸೂದೆ ಎರಡೇ ಮತದಿಂದ ಗೆದ್ದಿತು. ಈನಿಡ್ ಕಣ್ಣೊರೆಸಿಕೊಂಡಳು, ಇದು ಮಾತ್ರ ನಾಟಕವಲ್ಲ. ಮರುವಿಂಗಡಣೆ ಮಸೂದೆಯ ಹೆಸರು ಓದುತ್ತಿದ್ದಂತೆ ಆರಿನ್ ಹೊಟ್ಟೆ ಹಿಡಿದುಕೊಂಡು ಎದ್ದ.

"ಅಧ್ಯಕ್ಷರೇ, ಡೈನರ್ ಪೈ ಕೈಕೊಡ್ತು" ಎಂದು ಹೊರಗೋಡಿದವನು ಕಲಾಪದ ಸಮಯ ಮುಗಿದರೂ ತಿರುಗಿ ಬರಲಿಲ್ಲ. ಕೋರಂಗೆ ಮತ್ತೆ ಒಬ್ಬರು ಕಡಿಮೆ. ಅಧಿವೇಶನ ಅಲ್ಲಿಗೇ ಮುಗಿಯಿತು.

ಆರಿನ್‌ನ ಪಕ್ಷದ ನಾಯಕ ಕೆಂಡವಾಗಿ ಈನಿಡ್‌ಳ ಮುಂದೆ ಬಂದು ನಿಂತ. "ನೀವೂ ಅದೇ ಪೈ ತಾನೇ ತಿಂದಿದ್ದು? ನಿಮಗೇನೂ ಆಗ್ಲೇ ಇಲ್ವಲ್ಲ?"

ಈನಿಡ್ ಸೂಟ್‌ಕೇಸ್ ಎತ್ತಿಕೊಂಡಳು.

"ಆದ್ರೆ ಆಗ್ಲಿ ಬಿಡಿ. ನಮ್ಮೂರಲ್ಲಿ ಆಸ್ಪತ್ರೆ ಇದೆ."