ಅಳತೆಯ ಪರದೆ

ದರ್ಜಿಯ ಮಣ್ಣಿಗೆ ಬಂದವರೆಲ್ಲ ಬಂದ ದಾರಿ ಹಿಡಿದು, ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ ಉಳಿದ ಮೊದಲ ಬೆಳಗು. ದರ್ಜಿಯ ಹೆಂಡತಿ ಅಂಗಡಿಯ ಬಾಗಿಲು ತೆಗೆದಳು. ಯಂತ್ರದ ಸೂಜಿಯಡಿ ಯಾರದೋ ಪ್ಯಾಂಟಿನ ಒಂದು ಕಾಲು ಅರ್ಧಕ್ಕೇ ನಿಂತಿತ್ತು. ಕೂತು ಅದನ್ನು ಮುಗಿಸಿದಳು. ಹೊಲಿಯಲು ಕೊಟ್ಟವನು ಸತ್ತಿಲ್ಲವಲ್ಲ. ಆಮೇಲೆ ಕತ್ತರಿಸುವ ಮೇಜಿನ ಕೆಳಗೆ ಕೈ ಹಾಕಿದರೆ, ಒಗೆದು ಒಗೆದು ಬಣ್ಣ ಬಿಟ್ಟ ಹಸಿರು ಪರದೆಯೊಂದು ಉಂಗುರಗಳ ಸಮೇತ ಕೈಗೆ ಬಂತು.

ಹೆರಿಗೆ ಆಸ್ಪತ್ರೆಯ ಪರದೆ. ದುಡ್ಡು ಕೊಡಲಾಗದವರ ವಾರ್ಡಿನಲ್ಲಿ ಇದ್ದದ್ದು ಇದೊಂದೇ. ಯಾರಿಗೆ ನೋವು ಹೆಚ್ಚಾಯಿತೋ ಅವರ ಮಂಚದ ಸುತ್ತ ಎಳೆಯುತ್ತಿದ್ದರು. ಪ್ರತಿ ತಾಯಿಗೂ ಒಂದು ಪರದೆ ಎಂದು ಆಸ್ಪತ್ರೆಯವರು ತೀರ್ಮಾನಿಸಿ ಅವಳ ಗಂಡನಿಗೆ ಹೊಲಿಯಲು ಕೊಟ್ಟಾಗ, ಅವನು ಅಳತೆಗೆಂದು ಇದನ್ನು ಕೇಳಿ ತಂದಿದ್ದ. ಹೊಸದನ್ನೆಲ್ಲ ಹೊಲಿದು ಕೊಟ್ಟೂ ಬಂದಿದ್ದ. ಹಳೆಯದನ್ನು ನಾಳೆ ಮುಟ್ಟಿಸುತ್ತೇನೆ ಎಂದು ಮಲಗಿದವನಿಗೆ ನಾಳೆ ಆಗಲಿಲ್ಲ.

ಹೊಸದು ಬಂದ ಮೇಲೆ ಈ ಹರಕಲನ್ನು ಯಾರು ಕೇಳುತ್ತಾರೆ, ನೆಲ ಒರೆಸಲು ಆಗುತ್ತದೆ ಬಿಡು ಎಂದಳು ಅತ್ತೆ. ಸೊಸೆ ಅದನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರಟಳು.

ಆಸ್ಪತ್ರೆಯ ಬಾಗಿಲಿಗೆ ‘ಗೌರವದ ಹೆರಿಗೆ, ಸಮಾನ ಆರೈಕೆ’ ಎಂಬ ಬ್ಯಾನರು ಕಟ್ಟಿದ್ದರು. ವಾರ್ಡಿನೊಳಗೆ ಮಂಚಗಳ ಮೇಲೆ ಪರದೆಯಿಲ್ಲದ ಬರೀ ಕಂಬಿಗಳು. ಒಬ್ಬ ಏಣಿ ಹತ್ತಿ ಬಲ್ಬು ಬದಲಿಸುತ್ತಿದ್ದ. ಇನ್ನೊಬ್ಬ ಕುರ್ಚಿಗಳನ್ನು ಹೊತ್ತು, ಹೊರಗೆ ದಾರಿಯಿದ್ದರೂ, ಮಂಚಗಳ ನಡುವಿಂದಲೇ ಓಡಾಡುತ್ತಿದ್ದ. ಮೂಲೆಯ ಮಂಚದಲ್ಲಿ ಚೊಚ್ಚಲ ಬಸುರಿಯೊಬ್ಬಳು ಆಸ್ಪತ್ರೆಯ ಗೌನಿನೊಂದಿಗೆ ಹೆಣಗಾಡುತ್ತಿದ್ದಳು; ಮೇಲಕ್ಕೆ ಎಳೆದರೆ ಕಾಲಿಗಿಲ್ಲ, ಕಾಲಿಗೆ ಎಳೆದರೆ ಮೇಲಕ್ಕಿಲ್ಲ. ನೋವು ಬಂದಾಗ ಮಾತ್ರ ಎರಡನ್ನೂ ಬಿಟ್ಟು ಮಂಚದ ಸರಳು ಹಿಡಿಯುತ್ತಿದ್ದಳು. ಒಂದು ದುಪ್ಪಟಿಯನ್ನಾದರೂ ಅಡ್ಡ ಕಟ್ಟಿ ಎಂದು ಅವಳು ದೊಡ್ಡ ನರ್ಸನ್ನು ಬೇಡಿದ್ದು ಇವಳ ಕಿವಿಗೂ ಬಿತ್ತು.

“ಪರದೆ ದರ್ಜಿ ಹೊತ್ಕೊಂಡು ಹೋದ ಕಣಮ್ಮ. ತಂದುಕೊಟ್ರೆ ತಾನೆ ಹಾಕೋದು? ಹೋಗಿ ಅವನನ್ನ ಕೇಳು,” ಎಂದರು ದೊಡ್ಡ ನರ್ಸು. ದಿನವೂ ಹೇಳಿ ನಾಲಿಗೆಗೆ ರೂಢಿಯಾದ ಮಾತು.

“ನಮ್ಮನೆಯವ್ರು ಇನ್ನು ಯಾರು ಕೇಳಿದ್ರೂ ಹೇಳಲ್ಲ,” ಎಂದಳು ಇವಳು ಬಾಗಿಲಲ್ಲೇ ನಿಂತು. “ತೀರ್ಕೊಂಡ್ರು. ಹೊಸದನ್ನೆಲ್ಲ ಕೊಟ್ಟೇ ಹೋಗಿದಾರೆ.”

ದೊಡ್ಡ ನರ್ಸು, ಅಯ್ಯೋ ಪಾಪ, ದೇವರಂಥ ಮನುಷ್ಯ ಎಂದು, ಅದೇ ಉಸಿರಿನಲ್ಲಿ ಕಿಟಕಿಯಾಚೆ ಕೈ ತೋರಿಸಿದರು. ಎದುರಿನ ಸಭಾಂಗಣದಲ್ಲಿ ಅವಳ ಗಂಡನ ಪರದೆಗಳೆಲ್ಲ ವೇದಿಕೆಯ ಹಿಂದೆ ಸಾಲಾಗಿ ತೂಗುತ್ತಿದ್ದವು. ತಾಯಂದಿರನ್ನು ಗೌರವದಿಂದ ನೋಡಿಕೊಂಡದ್ದಕ್ಕೆ ಆಸ್ಪತ್ರೆಗೆ ಇವತ್ತು ಫಲಕ ಸಿಗುವುದಿತ್ತು. ವೇದಿಕೆಯ ಹಿಂದಿನ ಗೋಡೆ ಮಾತ್ರ ಗಾರೆ ಉದುರಿ ನಾಲ್ಕು ಜನರೆದುರು ನಾಚಿಕೆಗೇಡಾಗುವಂತಿತ್ತಂತೆ. ಅಂತೂ ಗೋಡೆಯ ಮಾನ ಉಳಿದಿತ್ತು.

“ಎಷ್ಟು ಚೆಂದ ಹೊಲಿದಿದಾರಮ್ಮ ನಿಮ್ಮ ಯಜಮಾನ್ರು. ವಾರ್ಡಲ್ಲಿ ಹಾಕಿದ್ರೆ ಕಲೆ ಆಗಲ್ವಾ?”

ಹಾಗಾದರೆ ಇದನ್ನಾದರೂ ತೆಗೆದುಕೊಳ್ಳಿ ಎಂದು ಇವಳು ಹಳೆಯದನ್ನು ಮುಂದೆ ಹಿಡಿದಳು. ದೊಡ್ಡ ನರ್ಸು ಬಿಸಿ ಪಾತ್ರೆ ಮುಟ್ಟಿದವರಂತೆ ಕೈ ಹಿಂದೆಳೆದುಕೊಂಡರು.

“ಇವತ್ತು ಬೇಡ. ದೊಡ್ಡವರು ವಾರ್ಡಿಗೂ ಬರ್ತಾರೆ. ಒಂದು ಮಂಚಕ್ಕೆ ಹಾಕಿದ್ರೆ ಮಿಕ್ಕಿದ್ದಕ್ಕೆ ಯಾಕಿಲ್ಲ ಅಂತ ಪ್ರಶ್ನೆ ಬರುತ್ತೆ. ಯಾವುದಕ್ಕೂ ಇಲ್ಲ ಅಂದ್ರೆ ಪ್ರಶ್ನೇನೇ ಇಲ್ಲ. ಎಲ್ಲರೂ ಸಮಾನ.”

ಅಷ್ಟರಲ್ಲಿ ಸಭಾಂಗಣದ ಕಡೆ ಗಾಡಿಗಳು ನಿಂತ ಸದ್ದಾಯಿತು. ಬಂದರು, ಬಂದರು ಎಂದು ಯಾರೋ ಓಡಿದರು. ದೊಡ್ಡ ನರ್ಸು ಸೆರಗು ಸರಿಮಾಡಿಕೊಂಡು, ಮಂಚದಿಂದ ಮಂಚಕ್ಕೆ ಹೋಗುತ್ತ, ಹೊದಿಕೆ ನೀಟಾಗಿರಲಿ, ಯಾರೂ ಕಿರುಚಬೇಡಿ, ಮುಖದ ಮೇಲೆ ಸ್ವಲ್ಪ ನಗು ಇರಲಿ ಎಂದು ತಾಕೀತು ಮಾಡಿದರು. ಮೂಲೆಯ ಮಂಚದ ಹುಡುಗಿ ನಗಲು ನೋಡಿದಳು. ಆಗಲಿಲ್ಲ. ಮುಖವನ್ನು ಗೋಡೆಗೆ ತಿರುಗಿಸಿ, ಗೌನಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು.

ದರ್ಜಿಯ ಹೆಂಡತಿ ಬಲ್ಬಿನವನ ಹತ್ತಿರ ಏಣಿ ಕೇಳಿದಳು. ಅವನು ಕೊಟ್ಟು, ದೃಷ್ಟಿಯನ್ನು ನೆಲಕ್ಕೆ ಹಾಕಿ ಹೊರಗೆ ಹೋದ. ಅವಳು ಹತ್ತಿ, ಕಂಬಿಯ ತುದಿ ಬಿಚ್ಚಿ, ಉಂಗುರಗಳನ್ನು ಒಂದರ ಹಿಂದೆ ಒಂದು ತೂರಿಸತೊಡಗಿದಳು. ಯಾರನ್ನು ಕೇಳಿ ಹತ್ತಿದೆ, ಇಳಿ ಕೆಳಗೆ ಎಂದು ದೊಡ್ಡ ನರ್ಸು ಹಲ್ಲು ಕಡಿದು ಪಿಸುಗುಟ್ಟಿದರು. ಹರಿದ ಮೂಲೆಗೆ ಚುಚ್ಚಲು ಅವಳು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದಳು. ಬಾಯಲ್ಲಿ ಪಿನ್ನಿರುವವರು ಉತ್ತರ ಕೊಡುವುದಿಲ್ಲ. ಇಳಿದು, ಪರದೆಯನ್ನು ಮಂಚದ ಸುತ್ತ ಎಳೆದಳು. ಒಳಗಿನಿಂದ, ಅಷ್ಟು ಹೊತ್ತು ಹಲ್ಲಿನಲ್ಲಿ ತಡೆದಿಟ್ಟ ಕೂಗು ದೊಡ್ಡದಾಗಿಯೇ ಬಂತು.

ಮುಖ್ಯ ಅತಿಥಿಗಳು ಹಿಂಬಾಲಕರೊಂದಿಗೆ ಒಳಗೆ ಬಂದವರು ಮಂಚಗಳನ್ನೆಲ್ಲ ಒಂದು ಸುತ್ತು ನೋಡಿದರು. ಮೂಲೆಯ ಪರದೆಯನ್ನೂ ಅದರ ಪಕ್ಕದ ಏಣಿಯನ್ನೂ ಕಂಡು ನಿಂತರು.

“ಇಲ್ಲೇನು, ರಿಪೇರಿ ನಡೀತಾ ಇದೆಯಾ?”

“ಹೌದು ಸಾರ್, ಸಣ್ಣ ರಿಪೇರಿ,” ಎಂದರು ದೊಡ್ಡ ನರ್ಸು.

ಪಕ್ಕದ ಮಂಚದಾಕೆ ಮೊಣಕೈ ಊರಿ ಎದ್ದು ಕೂತಳು.

“ಅದು ಮುಗಿದ ಮೇಲೆ ನಮ್ಮ ಕಡೆನೂ ಒಂದು ರಿಪೇರಿ ಮಾಡಿಸಿ ಸಾರ್.”