ಹಿಂದಿನ ಎಡ ಬಾಗಿಲು

ಕಾರಿನ ಬಾಗಿಲಲ್ಲಿ ಐದನೆಯ ತೂತಿಗೆ ಮೆತ್ತಿದ್ದ ಹಳೇ ಪುಟ್ಟಿ ಕೆರೆಯುವಾಗ ಅಮಾದೊನ ಹೆಬ್ಬೆರಳು ಕೊಯ್ದುಕೊಂಡಿತು. ರಕ್ತ ಒರೆಸಿಕೊಳ್ಳುವುದನ್ನೂ ಮರೆತು ಅವನು ತೂತನ್ನೇ ನೋಡಿದ. ತಗಡಿನ ಅಂಚು ಹೊರಕ್ಕೆ ಎದ್ದು ನಿಂತಿತ್ತು. ಉಳಿದ ನಾಲ್ಕನ್ನೂ ಸವರಿದ. ನಾಲ್ಕೂ ಹೊರಕ್ಕೆ.

ಮೂವತ್ತು ವರ್ಷ ತಗಡು ಬಡಿದ ಟಿಂಕರ್ ಅವನು. ಯಾವ ಕಡೆಯಿಂದ ಹೊಡೆದರೆ ಅಂಚು ಯಾವ ಕಡೆಗೆ ಏಳುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಬಾಗಿಲ ಒಳಬದಿಯ ರಟ್ಟು ಬಿಚ್ಚಿ ಕೈ ಹಾಕಿದ. ಒಳಗೆ ತೂತುಗಳ ಸುತ್ತ ತಗಡು ನುಣ್ಣಗೆ ತಗ್ಗಿತ್ತು. ಗುಂಡುಗಳು ಕಾರಿನ ಒಳಗಿನಿಂದ ಹೊರಗೆ ಹೋಗಿದ್ದವು.

ಬದಲಿ ಬಾಗಿಲು ಸಿಕ್ಕಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ೧೯೫೧ರ ಆ ಶೆವ್ರೊಲೆ ಕಾರಿನ ಬಿಡಿಭಾಗಗಳಿಗಾಗಿ ಅವನು ಆರು ತಿಂಗಳು ಅಲೆದಿದ್ದ. ಹಿಂದಿನ ದೀಪ ಪಕ್ಕದ ದ್ವೀಪ ಸೆಬುವಿನಿಂದ ಹಡಗಿನಲ್ಲಿ ಬಂತು. ಗಾಜು ಇಳಿಸುವ ಹಿಡಿ ಬಾಕೊಲೊಡ್‌ನ ಗುಜರಿಯವನ ಕೋಳಿಗೂಡಿಗೆ ಅಗುಳಿಯಾಗಿತ್ತು. ಬಾಗಿಲ ರಬ್ಬರನ್ನು ಸಕ್ಕರೆ ಕಾರ್ಖಾನೆಯ ಹಳೇ ಬೆಲ್ಟು ಕೊಯ್ದು ಅವನೇ ಮಾಡಿದ. ಹಿಂದಿನ ಎಡ ಬಾಗಿಲು ಮಾತ್ರ ಇಡೀ ನೀಗ್ರೋಸ್ ದ್ವೀಪದಲ್ಲಿ ಇರಲಿಲ್ಲ. “ಸಿಗದಿದ್ರೆ ಒಳ್ಳೇದೇ ಆಯ್ತು” ಎಂದಿದ್ದ, ಅಜ್ಜನ ಕಾರನ್ನು ಮ್ಯೂಸಿಯಮ್ಮಿನಲ್ಲಿಡಲು ರಿಪೇರಿ ಮಾಡಿಸುತ್ತಿದ್ದ ಕಬ್ಬಿನ ತೋಟದ ಚಿಕ್ಕಧಣಿ ಇನ್ಯಾಕಿ. “ಪುಟ್ಟಿ ತೆಗೆದು ತೂತು ಹಾಗೇ ಬಿಡು. ಮೇಲೊಂದು ಗಾಜು ಕೂರಿಸಿ ಬೋರ್ಡ್ ಹಾಕೋಣ. ಕೂಲಿಗಳು ನಮ್ಮಜ್ಜನ ಕಾರಿಗೆ ಗುಂಡು ಹೊಡೆದದ್ದನ್ನ ಮ್ಯೂಸಿಯಮ್ಮಿಗೆ ಬಂದವರು ನೋಡ್ಲಿ.”

ಆ ಗುಂಡು ಹೊಡೆದವನು ಅಮಾದೊನ ಅಪ್ಪ ಫೆರ್ಮಿನ್ ಎಂದು ಕೋರ್ಟು ಹೇಳಿತ್ತು. ನಲವತ್ತು ವರ್ಷದ ಹಿಂದೆ, ಕಬ್ಬು ಕಡಿಯುವವರ ಮುಷ್ಕರದ ದಿನ, ಜನ ಧಣಿಯ ಕಾರಿಗೆ ಅಡ್ಡ ನಿಂತಿದ್ದರು. ಫೆರ್ಮಿನ್ ಕಾರಿನತ್ತ ಹಾರಿಸಿದ ಗುಂಡುಗಳಲ್ಲೊಂದು ಗುರಿ ತಪ್ಪಿ, ಬಾಗಿಲ ಪಕ್ಕದಲ್ಲಿದ್ದ ಅವನದೇ ಹೆಂಡತಿಯ ತಮ್ಮ ಲಾಂದ್ರೊನನ್ನು ಕೊಂದಿತು ಎಂಬುದು ತೀರ್ಪು. ಕೋರ್ಟಿಗೆ ಇನ್ಯಾಕಿಯ ಅಜ್ಜ ದೊಡ್ಡಧಣಿ ಸಾಕ್ಷಿ ಹೇಳಲು ಬಂದಿದ್ದರು, ಕಾರು ಬರಲಿಲ್ಲ. ನನ್ನ ಕೈಲಿ ಬಂದೂಕೇ ಇರಲಿಲ್ಲ, ಗುಂಡು ಕಾರಿನೊಳಗಿಂದ ಬಂತು ಎಂದು ಅಪ್ಪ ಜೈಲಿನಿಂದ ಮೂರು ವರ್ಷ ಹೇಳಿಕಳಿಸಿ, ಅಲ್ಲೇ ಸತ್ತ. ಅವ್ವ ಒಮ್ಮೆಯೂ ಹೋಗಿ ನೋಡಲಿಲ್ಲ. ನವೆಂಬರಿನಲ್ಲಿ ಸತ್ತವರ ಹಬ್ಬ ಬಂದರೆ ಮನೆಯಲ್ಲಿ ಮೇಣದಬತ್ತಿ ಉರಿಯುವುದು ಲಾಂದ್ರೊ ಮಾವನೊಬ್ಬನಿಗೇ. ಅಪ್ಪನಿಗೂ ಒಂದು ಹಚ್ಚೋಣ ಎಂದು ಅಮಾದೊ ಪ್ರತಿ ವರ್ಷ ಕೇಳುತ್ತಿದ್ದ. ಅವ್ವ ಎದ್ದು ಒಳಗೆ ಹೋಗುತ್ತಿದ್ದಳು.

ಮಧ್ಯಾಹ್ನ ಚಿಕ್ಕಧಣಿ ಬಂದ. “ಏನಯ್ಯಾ, ಮದುಮಗಳಿಗೆ ಇನ್ನೂ ಬಣ್ಣ ಹಚ್ಚಿಲ್ವಾ? ನೀನು ಮುಗಿಸೋ ಹೊತ್ತಿಗೆ ನಾನೂ ಮ್ಯೂಸಿಯಮ್ ಸೇರ್ತೀನಿ.”

“ಧಣಿ, ಇಲ್ಲಿ ಬೆರಳಿಟ್ಟು ನೋಡಿ.”

ಇನ್ಯಾಕಿ ನೋಡಿದ. ಹಳೇ ಕಾರುಗಳ ಹುಚ್ಚಿನವನು; ತಗಡಿನ ಮಾತು ಅವನಿಗೂ ಅರ್ಥವಾಗುತ್ತಿತ್ತು. ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, “ತುಕ್ಕು ಹಿಡಿದ್ರೆ ಹೀಗೆ ಏಳುತ್ತೆ” ಅಂದ.

“ಏಳುತ್ತೆ ಧಣಿ. ಐದು ಕಡೆ ಒಂದೇ ಅಳತೇಲಿ ಏಳಲ್ಲ.”

“ಬೇರೆ ಯಾರಾದ್ರೂ ನೋಡಿದ್ರಾ?”

“ಇಲ್ಲ.”

“ಹಾಗಿದ್ರೆ ಬೆಸುಗೆ ಹಾಕಿ ಮುಚ್ಚು. ಗಾಜೂ ಬೇಡ, ಬೋರ್ಡೂ ಬೇಡ.” ಹೊರಟವನು ತಿರುಗಿ, “ಬೆರಳಿಗೆ ಔಷಧಿ ಹಾಕ್ಕೊಳ್ಳೋ, ಸೆಪ್ಟಿಕ್ ಆಗುತ್ತೆ” ಅಂದ.

ಅಮಾದೊ ಬೆಸುಗೆಯ ಗ್ಯಾಸು ಹಚ್ಚಲಿಲ್ಲ. ಕೀಲು ಬಿಚ್ಚಿ ಬಾಗಿಲನ್ನು ಇಳಿಸಿದ. ಗೋಣಿ ಸುತ್ತಿ, ಬೈಕಿನ ಸೈಡ್‌ಕಾರಿಗೆ ಕಟ್ಟಿ, ಮನೆಗೆ ತಂದ.

ಅವ್ವನ ಕಣ್ಣಿಗೆ ಪೊರೆ ಬಂದು ನಾಲ್ಕು ವರ್ಷವಾಗಿತ್ತು. ಜಗಲಿಯಲ್ಲಿ ಕೂತು, ಕೈಯಂದಾಜಿನಲ್ಲೇ ಒಣಮೀನಿನ ತಲೆ ಮುರಿದು ಹಾಕುತ್ತಿದ್ದಳು.

“ಏನೋ ಅದು, ಧಡಾರಂತ ಇಳಿಸಿದ್ದು?”

“ಬಾಗಿಲು ಕಣವ್ವ.”

“ಇರೋ ಬಾಗಿಲಿಗೇ ಚಿಲಕ ಇಲ್ಲ. ಕದಿಯೋಕೆ ಏನೂ ಇಲ್ಲದ ಮನೆಗೆ ಇನ್ನೊಂದು ಬಾಗಿಲಂತೆ!”

“ಧಣಿ ಕಾರಿಂದು. ಅವತ್ತಿನ ಕಾರಿಂದು.”

ಅವಳ ಕೈ ನಿಂತಿತು. ಅಮಾದೊ ಆ ಕೈ ಹಿಡಿದು ತೋರುಬೆರಳನ್ನು ಮೊದಲನೆಯ ತೂತಿನ ಮೇಲಿಟ್ಟ. “ಮೆಲ್ಲಗೆ, ಕೊಯ್ಯುತ್ತೆ. ಇದು ಹೊರಮೈ. ಈಗ ಆ ಕೈಯನ್ನ ಒಳಗೆ ಹಾಕು. ನುಣ್ಣಗಿದೆ ನೋಡು. ಹೊರಗಿಂದ ಹೊಡೆದಿದ್ರೆ ಅಂಚು ಒಳಗಡೆ ಏಳ್ಬೇಕಿತ್ತು. ಅಪ್ಪ ಹೊರಗಿದ್ದ ಕಣವ್ವ. ಗುಂಡು ಒಳಗಿಂದ ಬಂದಿದೆ.”

ಮರಗೆಣಸು ತುರಿಯಲು ಡಬ್ಬದ ತಗಡಿಗೆ ಮೊಳೆ ಹೊಡೆದು ತುರಿಮಣೆ ಮಾಡಿಕೊಂಡ ಕೈ ಅದು. ಹೆಚ್ಚು ಹೇಳಬೇಕಾಗಲಿಲ್ಲ. ಅವಳು ಐದೂ ತೂತುಗಳನ್ನು ಮುಟ್ಟಿದಳು. ಮತ್ತೆ ಮೊದಲಿನಿಂದ ಒಂದೊಂದಾಗಿ ಮುಟ್ಟಿದಳು. ಮೀನಿಗೆ ನೊಣ ಮುತ್ತಿತು, ಓಡಿಸಲಿಲ್ಲ.

“ಅಪ್ಪ ನಿಜಾನೇ ಹೇಳಿದ್ದ” ಅಂದ ಅಮಾದೊ. “ಇದನ್ನ ಮುಚ್ಚು ಅಂತಾನೆ ಧಣಿ. ನಾನು ಮುಚ್ಚಲ್ಲ. ಪಾದ್ರಿಗಳಿಗೆ ತೋರಿಸ್ತೀನಿ, ಪೇಪರಿನವರಿಗೆ ತೋರಿಸ್ತೀನಿ. ಎಲ್ರಿಗೂ ಗೊತ್ತಾಗ್ಲಿ.”

“ಸಾಯೋ ಮುಂಚೆ ಒಂದು ಸಲ ಬಂದು ಹೋಗು ಅಂತ ಜೈಲಿಂದ ಹೇಳಿಕಳಿಸಿದ್ದ” ಅಂದಳು ಅವ್ವ. “ಬಸ್ಸಿನ ಚಾರ್ಜೂ ಕೂಡಿಸಿ ಕಳಿಸಿದ್ದ. ಆ ದುಡ್ಡಲ್ಲಿ ನಾನು ಲಾಂದ್ರೊನ ಗೋರಿಗೆ ಸುಣ್ಣ ಹೊಡೆಸ್ದೆ.”

ಅಮಾದೊ ಅವಳ ಪಕ್ಕ ಕೂತ. ಅವಳು ಬಾಗಿಲಿನಿಂದ ಎರಡೂ ಕೈ ತೆಗೆದು, ಗೋಣಿ ತಡಕಾಡಿ ಹುಡುಕಿ, ಅದನ್ನು ಬಾಗಿಲ ಮೇಲೆ ಎಳೆದಳು.

“ಮುಚ್ಚಿಬಿಡು ಮಗನೇ” ಅಂದಳು. “ನಾನು ಇರೋವರೆಗೂ ನನ್ನ ತಮ್ಮನ್ನ ಕೊಂದಿದ್ದು ನಿಮ್ಮಪ್ಪನೇ.”