ಪೈಲಟ್ ಮೇಡಂ

ಬಂದರಿಗೆ ದಾರಿ ತೋರಲು ಹಗ್ಗದ ಏಣಿ ಹತ್ತಿ ಹಡಗಿಗೆ ಬಂದ ಪೈಲಟ್ ಹೆಲ್ಮೆಟ್ ತೆಗೆದಾಗ, ಚುಕ್ಕಾಣಿ ಹಿಡಿದು ನಿಂತಿದ್ದವನು ಮತ್ತೊಮ್ಮೆ ತಿರುಗಿ ನೋಡಿದ. ಬಂದವಳು ಅವನ ಮಗಳು. ತರಬೇತಿ ಮುಗಿಸಿ, ಯಾರ ಜೊತೆಯೂ ಇಲ್ಲದೆ ಹಡಗನ್ನು ಬಂದರಿನೊಳಗೆ ತರಲು ಅವಳು ಹೊರಟಿದ್ದು ಇವತ್ತೇ ಮೊದಲು. ಅಪ್ಪ ಕೆಲಸಕ್ಕಿದ್ದ, ಬಂದರಿನಿಂದ ಬಂದರಿಗೆ ಡೀಸೆಲ್ ಹೊರುವ ಪುಟ್ಟ ಟ್ಯಾಂಕರ್ ಹಡಗೇ ಅವಳ ಪಾಲಿಗೆ ಬಂದಿತ್ತು.

"ನಮಸ್ಕಾರ ಕ್ಯಾಪ್ಟನ್," ಎಂದವಳು ಅಪ್ಪನಿಗೆ ಕಣ್ಣಲ್ಲೇ ಸುಮ್ಮನಿರು ಎಂದಳು. ಅವನೂ ನೋಟವನ್ನು ಚುಕ್ಕಾಣಿಗೆ ತಿರುಗಿಸಿದ. ಅಪ್ಪ-ಮಗಳೆಂದು ಗೊತ್ತಾದರೆ ಕ್ಯಾಪ್ಟನ್ ಅವನನ್ನು ಸರಿಸಿ ಬೇರೆಯವನನ್ನು ನಿಲ್ಲಿಸಿಬಿಟ್ಟಾರು.

"ಎಡಕ್ಕೆ ಹತ್ತು ಡಿಗ್ರಿ."

"ಎಡಕ್ಕೆ ಹತ್ತು ಡಿಗ್ರಿ, ಮೇಡಂ."

ಪೈಲಟ್ ಹೇಳಿದ್ದನ್ನು ಮತ್ತೊಮ್ಮೆ ಹೇಳಿಯೇ ಚುಕ್ಕಾಣಿ ತಿರುಗಿಸಬೇಕು, ಅದು ನಿಯಮ. ಮನೆಯಲ್ಲಿ ಮಗಳು ಏನೆಂದರೂ ಅದಕ್ಕೊಂದು ಕೊಕ್ಕೆ ಹಾಕುತ್ತಿದ್ದವನು ಇಲ್ಲಿ ಗಿಣಿಯ ಹಾಗೆ ಒಪ್ಪಿಸುತ್ತಿದ್ದ. ಒಳಗೊಳಗೇ ಖುಷಿಯೋ ಖುಷಿ.

ಬಂದರಿನ ಬಾಯಿ ಬಂತು. ಗಾಳಿ ಹಡಗನ್ನು ಎಡಗಡೆಯ ಕಲ್ಲಿನ ಗೋಡೆಯತ್ತ ದೂಡತೊಡಗಿತು. ಈಗಲೇ ಬಲಕ್ಕೆ ತಿರುಗಿಸಲು ಅವನ ಕೈ ಹಾತೊರೆಯಿತು. ಮಗಳು ಗೋಡೆಯ ಮೂಲೆಯನ್ನೇ ನೋಡುತ್ತಿದ್ದಳು.

"ಮೇಡಂ, ಗಾಳಿ ಜೋರಾಗಿದೆ," ಕ್ಯಾಪ್ಟನ್ ಕೆಮ್ಮಿದರು.

"ಇರಲಿ ಕ್ಯಾಪ್ಟನ್. ಇನ್ನೂ ಸ್ವಲ್ಪ."

ಗೋಡೆಯ ಮೇಲಿನ ಪಾಚಿ ಕೂಡ ಕಾಣುವಷ್ಟು ಹತ್ತಿರ ಬಂತು. ಅಪ್ಪ ಚುಕ್ಕಾಣಿಯನ್ನು ಇದ್ದಲ್ಲೇ ಹಿಡಿದ.

"ಈಗ. ಬಲಕ್ಕೆ ಪೂರ್ತಿ."

"ಬಲಕ್ಕೆ ಪೂರ್ತಿ, ಮೇಡಂ."

ಹಡಗಿನ ಹಿಂಬದಿ ಗೋಡೆಯ ಮೂಲೆಯನ್ನು ದಾಟಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಒಳಕ್ಕೆ ಜಾರಿತು. ಮೂತಿ ಬಲಕ್ಕೆ ತಿರುಗಿದರೆ ಹಿಂಬದಿ ಎಡಕ್ಕೆ ಬೀಸುತ್ತದೆ; ತಾನು ಎಣಿಸಿದಾಗಲೇ ತಿರುಗಿಸಿದ್ದರೆ ಅದು ಗೋಡೆಯ ಮೂಲೆಗೆ ಬಡಿಯುತ್ತಿತ್ತು ಎಂದು ಅವನಿಗೆ ಆಗ ಹೊಳೆಯಿತು. ಅಷ್ಟು ಸಂತೋಷದಿಂದ ಅವನು ಬದುಕಿನಲ್ಲಿ ಎಂದೂ ಸೋತಿರಲಿಲ್ಲ.

ಹಡಗನ್ನು ಹಗ್ಗಗಳಿಂದ ಬಿಗಿದು ಕಟ್ಟಿದ್ದಾಯಿತು. ಕ್ಯಾಪ್ಟನ್ ಅವಳ ಕೈ ಕುಲುಕಿ, "ಚೆನ್ನಾಗಿ ತಂದ್ರಿ ಮೇಡಂ," ಎಂದರು. ಅವಳು ದಡಕ್ಕೆ ಹಾಕಿದ ಹಲಗೆಯ ಮೇಲೆ ಇಳಿಯತೊಡಗಿದಳು. ಅಪ್ಪ ಓಡಿಬಂದು ಹಡಗಿನಂಚಿನ ಕಂಬಿಯ ಮೇಲಿಂದ ಬಗ್ಗಿದ.

"ನಿಧಾನ ಇಳಿಯೇ, ಹಲಗೆ ಒದ್ದೆಯಾಗಿದೆ."

ಕ್ಯಾಪ್ಟನ್ ಬೆಚ್ಚಿಬಿದ್ದರು. "ಏನಯ್ಯಾ ಇದು, ಪೈಲಟ್ ಮೇಡಂಗೆ ಹೋಗಿ ಹೋಗಿ 'ಇಳಿಯೇ' ಅಂತೀಯಾ?"

"ಹಡಗು ಕಟ್ಟಿ ಆಯ್ತಲ್ಲ ಸಾರ್," ಎಂದ ಅವನು, ಕಣ್ಣನ್ನು ಹಲಗೆಯಿಂದ ಕದಲಿಸದೆ. "ಇನ್ನವಳು ನನ್ನ ಮಗಳು."